ಹಲ್ಲಿಗೆ ಯಾಕೆ ಈ ಕೆಲಸ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಮನೆಯಲ್ಲಿ ನಿಮಗೆ ಜಾಸ್ತಿ ಸಿಟ್ಟು ತರಿಸುವ ವಸ್ತು ಯಾವುದು ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. "ನಮ್ಮ ಯಜಮಾನರು" ಅಂತ ಬರೆದ ಸಿರುಗುಪ್ಪದ ಓದುಗರೇ, ಕ್ಷಮಿಸಿ, ಅವರು ಈ ಅಂಕಣದ ವ್ಯಾಪ್ತಿಗೆ ಬರುವುದಿಲ್ಲ. ಉಳಿದವರು ಬರೆದದ್ದೆಲ್ಲ ಪೊಟ್ಟಣ, ಮುಚ್ಚಳ, ಸೀಲು, ಸ್ಟಿಕ್ಕರ್ ಬಗ್ಗೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಿಂದ ಪತ್ರ ಜಾಸ್ತಿ ಬಂದಿವೆ, ಹಾಗಾಗಿ ಈ ಸಲ ಪೂರ್ತಿ ಜಾಗ ಅವರಿಗೇ.

ಬಹಳ ಜನ ಪತ್ರದ ಕೊನೆಗೆ "ನನ್ನ ಕೈಯಲ್ಲೇ ಶಕ್ತಿ ಇಲ್ಲವೇನೋ" ಅಂತ ಬರೆದಿದ್ದೀರಿ. ಹಾಗೇನೂ ಇಲ್ಲ. ಪೊಟ್ಟಣ ಮಾಡುವವರ ತಲೆಯಲ್ಲಿ ಇರುವುದು ಲಾರಿ, ಗೋದಾಮು, ಅಂಗಡಿಯ ಕಪಾಟು. ಸೋರಬಾರದು, ಹರಿಯಬಾರದು, ಯಾರೂ ಕದಿಯಬಾರದು, ಅಷ್ಟೇ. ಒಲೆಯ ಮೇಲೆ ಎಣ್ಣೆ ಕಾಯುತ್ತಿರುವಾಗ ಒದ್ದೆ ಕೈಯಲ್ಲಿ ಪೊಟ್ಟಣ ಹಿಡಿದು ನಿಂತವರ ಲೆಕ್ಕ ಅಲ್ಲಿ ಇಲ್ಲವೇ ಇಲ್ಲ.

ಅಕ್ಕಾರೇ, ಅಕ್ಕಿ ಚೀಲದ ಹೊಲಿಗೆ ಬಿಚ್ಚುವುದೇ ನಮ್ಮ ಮನೆಯಲ್ಲಿ ಒಂದು ಜಗಳ. ಮಾವನವರು ದಾರ ಎಳೆದರೆ ಸರ್ರಂತ ಬಿಚ್ಚುತ್ತದೆ. ನಾನು ಎಳೆದರೆ ಗಂಟು ಬೀಳುತ್ತದೆ. ಕೊನೆಗೆ ಕತ್ತರಿ ಹಾಕಿ ಚೀಲ ಹಾಳು ಮಾಡುತ್ತೇನೆ, ಬೈಸಿಕೊಳ್ಳುತ್ತೇನೆ. ಇದರ ಗುಟ್ಟೇನು? ಮತ್ತೆ, ಮೊದಲು 25 ಕೆಜಿ ಇದ್ದ ಚೀಲ ಈಗ 26 ಕೆಜಿ ಯಾಕಾಯಿತು?
– ಅಕ್ಕಿ ಊರಿನ ಸೊಸೆ, ಗಂಗಾವತಿ

ನಿಮ್ಮ ಮಾವನವರಿಗೆ ಮಂತ್ರ ಗೊತ್ತಿಲ್ಲ, ತುದಿ ಗೊತ್ತಿದೆ. ಅಕ್ಕಿ ಗಿರಣಿಯಲ್ಲಿ ಚೀಲದ ಬಾಯಿಗೆ ಹಾಕುವುದು ಸರಪಳಿ ಹೊಲಿಗೆ. ಚೀಲವನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಮಗ್ಗುಲಲ್ಲಿ ನೇರ ಗೀಟು ಹಾಕಿದ ಹಾಗೆ ಸಾದಾ ಹೊಲಿಗೆ ಇರುತ್ತದೆ, ಇನ್ನೊಂದು ಮಗ್ಗುಲಲ್ಲಿ ಕುಣಿಕೆ ಮೇಲೆ ಕುಣಿಕೆ ಪೋಣಿಸಿದಂತೆ ಕಾಣುತ್ತದೆ. ಪ್ರತಿ ಕುಣಿಕೆಯನ್ನೂ ಅದರ ಮುಂದಿನ ಕುಣಿಕೆ ಹಿಡಿದುಕೊಂಡಿರುತ್ತದೆ. ಕಟ್ಟಕಡೆಯದನ್ನು ಮಾತ್ರ ಹಿಡಿಯುವವರು ಯಾರೂ ಇಲ್ಲ. ಹೊಲಿಗೆ ಮುಗಿದ ಆ ತುದಿಯಿಂದ ಎಳೆದರೆ ಒಂದರ ಹಿಂದೆ ಒಂದು ಕಳಚಿಕೊಳ್ಳುತ್ತಾ ಹೋಗುತ್ತವೆ. ಹೊಲಿಗೆ ಶುರುವಾದ ತುದಿಯಿಂದ ಎಳೆದರೆ ಎಷ್ಟು ಎಳೆದರೂ ಬಿಗಿಯುವುದೇ ಹೊರತು ಬಿಚ್ಚುವುದಿಲ್ಲ, ನಿಮಗೆ ಆಗುತ್ತಿರುವುದು ಇದೇ.

ಈಗ ಮಾಡಬೇಕಾದದ್ದು ಇಷ್ಟು. ಚೀಲದ ಅಂಚಿನಿಂದ ಆಚೆ ಜೋತಾಡುವ ದಾರದ ಬಾಲ ಇರುತ್ತದಲ್ಲ, ಅದನ್ನು ಚೀಲಕ್ಕೆ ಹತ್ತಿರ ಕತ್ತರಿಸಿ. ಪಿನ್ನಿನ ಮೊನೆಯಿಂದ ಮೊದಲ ಕುಣಿಕೆಯನ್ನು ಸಡಿಲ ಮಾಡಿ, ಕುಣಿಕೆ ಇರುವ ಮಗ್ಗುಲಿನ ದಾರವನ್ನೇ ಹಿಡಿದು ಎಳೆಯಿರಿ. ಎರಡು ಮೂರು ಹೊಲಿಗೆ ಬಿಚ್ಚಲಿಲ್ಲ ಅಂದರೆ ಅಲ್ಲಿ ಗುದ್ದಾಡಬೇಡಿ. ಸುಮ್ನೆ ಇನ್ನೊಂದು ತುದಿಗೆ ಹೋಗಿ. ಎರಡೇ ತುದಿ ತಾನೇ ಇರುವುದು. ದಾರ ಗಟ್ಟಿ ಇರುತ್ತದೆ, ಎಸೆಯಬೇಡಿ, ಬಳ್ಳಿ ಹಬ್ಬಿಸಲಿಕ್ಕೆ ಬರುತ್ತದೆ. ಚೀಲ ಹರಿಯದೆ ಉಳಿದರೆ ಮೆಣಸಿನಕಾಯಿ ಒಣಹಾಕಲಿಕ್ಕಾಯಿತು.

26 ಕೆಜಿ ಕತೆ ಗಿರಣಿಯವರ ಉದಾರತನದ್ದಲ್ಲ. 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆಜಿವರೆಗಿನ ಅಕ್ಕಿ, ಬೇಳೆ, ಹಿಟ್ಟಿಗೆ ಶೇ 5ರಷ್ಟು ಜಿಎಸ್‌ಟಿ ಹಾಕಿದರು. ಚೀಲ 25 ಕೆಜಿ ದಾಟಿದರೆ ಆ ತೆರಿಗೆ ಇಲ್ಲ. ಹಾಗಾಗಿ ಒಂದು ಕೆಜಿ ಜಾಸ್ತಿ ತುಂಬಿದರು. ತೆರಿಗೆ ತಪ್ಪಿತು ಸರಿ, ಚೀಲ ಅಟ್ಟಕ್ಕೆ ಏರಿಸುವವರ ಸೊಂಟದ ಬಗ್ಗೆ ಯಾರು ಕೇಳಬೇಕು? ಬೆಲೆ ಹೋಲಿಸುವಾಗ ಚೀಲದ ಬೆಲೆ ನೋಡಬೇಡಿ, ಕೆಜಿಗೆ ಎಷ್ಟು ಬಿತ್ತು ನೋಡಿ.

ನನಗೆ ಎಪ್ಪತ್ತು ದಾಟಿದೆ, ಕೈಬೆರಳಿನ ಸಂದಿ ನೋವು. ಮಾತ್ರೆಯ ಪಟ್ಟಿ ಒತ್ತಿದರೆ ಮಾತ್ರೆ ಹೊರಗೆ ಬರುವುದಿಲ್ಲ, ಟಾನಿಕ್ ಬಾಟಲಿಯ ಮುಚ್ಚಳ ಸುಮ್ನೆ ಗರಗರ ತಿರುಗುತ್ತದೆ. ಮೊಮ್ಮಗ ಶಾಲೆಯಿಂದ ಬರುವವರೆಗೆ ಔಷಧ ಇಲ್ಲ. ಎಲ್ಲ ಮಾತ್ರೆ ಒಂದೇ ಸಲ ಬಿಡಿಸಿ ಡಬ್ಬಿಗೆ ಹಾಕಿಡಲೇ?
– ಅಜ್ಜಿ, ಕುಷ್ಟಗಿ

ಬೇಡ ಅಮ್ಮಾ. ಅದೊಂದು ಮಾಡಬೇಡಿ. ಎರಡೂ ಕಡೆ ದಪ್ಪ ಅಲ್ಯೂಮಿನಿಯಂ ಹಾಳೆ ಹಾಕಿರುವುದು ತೇವ ಮತ್ತು ಬೆಳಕು ಮಾತ್ರೆಗೆ ತಾಗದಿರಲಿ ಅಂತ. ಬಿಡಿಸಿಟ್ಟರೆ ಕೆಲವು ಮಾತ್ರೆ ಬೇಗ ಕೆಡುತ್ತವೆ, ಯಾವುದು ಯಾವ ಮಾತ್ರೆ ಅಂತಲೂ ಗೊತ್ತಾಗುವುದಿಲ್ಲ. ಪಟ್ಟಿಯನ್ನು ಒತ್ತುವುದೇ ಬಿಟ್ಟುಬಿಡಿ. ಮಾತ್ರೆ ಉಬ್ಬಿರುವ ಜಾಗದಿಂದ ಸ್ವಲ್ಪ ದೂರದಲ್ಲಿ, ಅಂಚಿನಲ್ಲಿ, ಕತ್ತರಿಯಿಂದ ಒಂದು ಸಣ್ಣ ಕಚ್ಚು ಹಾಕಿ, ಅಲ್ಲಿಂದ ಹರಿಯಿರಿ. ಮೊಮ್ಮಗ ಬಂದಾಗ ಆ ವಾರದ ಮಾತ್ರೆಗಳಿಗೆಲ್ಲ ಕಚ್ಚು ಮಾತ್ರ ಹಾಕಿಸಿಟ್ಟುಕೊಳ್ಳಿ. ಕಚ್ಚು, ಮಾತ್ರೆ ಉಬ್ಬಿರುವ ಜಾಗಕ್ಕೆ ತಾಗಬಾರದು ಅಂತ ಅವನಿಗೆ ಹೇಳಿ. ಕತ್ತರಿ ಮಾತ್ರೆಗೇ ಬಿದ್ದು ಅದು ಎರಡು ತುಂಡಾಯಿತು ಅನ್ನಿ, ಹೆಸರಿನ ಮುಂದೆ ಎಸ್‌ಆರ್ ಅಥವಾ ಎಕ್ಸ್‌ಆರ್ ಅಂತ ಇದ್ದರೆ ಆ ಮಾತ್ರೆ ನುಂಗಬೇಡಿ. ನಿಧಾನವಾಗಿ ಕರಗಲಿ ಅಂತ ಮಾಡಿದ ಮಾತ್ರೆ ಅದು, ತುಂಡಾದರೆ ಔಷಧವೆಲ್ಲ ಒಂದೇ ಸಲ ಮೈಗೆ ಹೋಗುತ್ತದೆ. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆಗಳಲ್ಲಿ ಇಂಥವು ಇವೆ.

ಇನ್ನೊಂದು ವಿಷಯ. ಔಷಧ ಅಂಗಡಿಯವರು ನಾಲ್ಕು ಮಾತ್ರೆ ಕೇಳಿದರೆ ಪಟ್ಟಿ ಕತ್ತರಿಸಿ ಕೊಡುತ್ತಾರೆ, ತಾರೀಕು ಇರುವ ತುಂಡು ಅವರ ಹತ್ತಿರವೇ ಉಳಿಯುತ್ತದೆ. ಅವಧಿ ಮುಗಿಯುವ ತಿಂಗಳನ್ನು ಕವರಿನ ಮೇಲೆ ಬರೆಸಿಕೊಳ್ಳಿ. ಇದರಲ್ಲಿ ನಾಚಿಕೆ ಏನಿಲ್ಲ.

ಟಾನಿಕ್ ಬಾಟಲಿಗೆ ಬರೋಣ. ಆ ತಗಡಿನ ಮುಚ್ಚಳದ ಕೆಳಗೆ ಒಂದು ಉಂಗುರ ಇದೆ ನೋಡಿ. ಮುಚ್ಚಳಕ್ಕೂ ಉಂಗುರಕ್ಕೂ ನಡುವೆ ಕೂದಲೆಳೆಯಷ್ಟು ಸಣ್ಣ ಸಣ್ಣ ತಗಡಿನ ಕೊಂಡಿ ಇರುತ್ತವೆ. ತಿರುಗಿಸಿದಾಗ ಈ ಕೊಂಡಿ ಚಟಚಟ ಅಂತ ಮುರಿಯಬೇಕು, ಆಗ ಮುಚ್ಚಳ ಮೇಲೆ ಬರುತ್ತದೆ. ಕೊಂಡಿ ಮುರಿಯದಿದ್ದರೆ ಉಂಗುರ ಸಮೇತ ಇಡೀ ಮುಚ್ಚಳ ತಿರುಗುತ್ತಲೇ ಇರುತ್ತದೆ. ಆಗ ಮೊಂಡು ಚಾಕುವಿನ ತುದಿಯನ್ನು ಆ ಸಂದಿಯಲ್ಲಿ ತೂರಿಸಿ ಒಂದೊಂದೇ ಕೊಂಡಿ ಮುರಿಯಬೇಕು. ಅಂಚು ಕೈ ಕೊಯ್ಯುತ್ತದೆ, ಬಟ್ಟೆ ಸುತ್ತಿ ಹಿಡಿಯಬೇಕು. ನೀವು ಇದೆಲ್ಲ ಮಾಡಬೇಡಿ. ಅವತ್ತೇ ಕುಡಿಯಲು ಶುರು ಮಾಡುವ ಔಷಧವಾದರೆ ಅಂಗಡಿಯಲ್ಲೇ ತೆಗೆಸಿ, ಮತ್ತೆ ಹದವಾಗಿ ಮುಚ್ಚಿಸಿಕೊಂಡು ಬನ್ನಿ.

ಒತ್ತಿ ತಿರುಗಿಸುವ ಪ್ಲಾಸ್ಟಿಕ್ ಮುಚ್ಚಳ ಬೇರೆ. ಅದು ಬೇಕಂತಲೇ ಕಷ್ಟ ಮಾಡಿದ್ದು, ಮಕ್ಕಳು ತೆಗೆಯದಿರಲಿ ಅಂತ. ಅಮೆರಿಕದಲ್ಲಿ 1970ರಲ್ಲೇ ಇದಕ್ಕೆ ಕಾನೂನು ಬಂತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆ ಮುಚ್ಚಳವನ್ನು ಬೈಯಬೇಡಿ. ಬಾಟಲಿ ಮೇಜಿನ ಮೇಲಿಟ್ಟು, ಬೆರಳಿನ ಬದಲು ಅಂಗೈಯಿಂದ ಒತ್ತಿ, ಒತ್ತಿಕೊಂಡೇ ತಿರುಗಿಸಿ.

ಮಸಾಲೆ ಪೊಟ್ಟಣ, ಶಾಂಪೂ ಪೊಟ್ಟಣ ಹರಿಯಲು ಹೋದರೆ ಮೊದಲು ಹರಿಯುವುದೇ ಇಲ್ಲ, ಹರಿದರೆ ಮೇಲಿಂದ ಕೆಳಗಿನವರೆಗೆ. ಮೊನ್ನೆ ಖಾರದಪುಡಿ ಫ್ಯಾನಿನ ಕೆಳಗೆ ಹಾರಿ ಮನೆಯವರೆಲ್ಲ ಸೀನಿದ್ದೇ ಸೀನಿದ್ದು. ಹಲ್ಲೂ ಸಾಕಾಯಿತು.
– ಸಿಂಧನೂರು

ಹಲ್ಲನ್ನು ಬಿಟ್ಟುಬಿಡಿ, ಹೊಸ ಹಲ್ಲು ಕಟ್ಟಿಸುವ ಖರ್ಚಿನಲ್ಲಿ ನೂರು ಕತ್ತರಿ ಬರುತ್ತವೆ. ಆ ಹಾಳೆ ತೆಳ್ಳಗಿದ್ದರೂ ಬಲು ಗಟ್ಟಿ. ಅಂಚಿನಲ್ಲಿ ಒಂದು ಚಿಕ್ಕ ಕಚ್ಚು ಬಿದ್ದರೆ ಎಳೆದ ಬಲವೆಲ್ಲ ಆ ಒಂದೇ ಮೊನೆಯಲ್ಲಿ ಸೇರಿ ಹರಿಯುತ್ತದೆ, ಕಚ್ಚು ಇಲ್ಲದಿದ್ದರೆ ಪೈಲ್ವಾನನಿಂದಲೂ ಆಗುವುದಿಲ್ಲ. ಹಾಳೆಯನ್ನು ಕಾರ್ಖಾನೆಯಲ್ಲಿ ಎಳೆದು ಎಳೆದು ತೆಳ್ಳಗೆ ಮಾಡಿರುತ್ತಾರೆ. ಅದಕ್ಕೇ ಒಮ್ಮೆ ಶುರುವಾದ ಸೀಳು ಒಂದೇ ದಿಕ್ಕಿಗೆ ಓಡುತ್ತದೆ. ಕಚ್ಚು ಇರುವ ಕಡೆಯಿಂದ ಅಡ್ಡಕ್ಕೆ ಹರಿಯಿರಿ, ಮೊದಲು ಪೊಟ್ಟಣ ಕುಟ್ಟಿ ಪುಡಿಯನ್ನು ಕೆಳಗೆ ಇಳಿಸಿ. ಸ್ನಾನದ ಮನೆಯಲ್ಲಾದರೆ ಕೈ ಒದ್ದೆಯಾಗುವ ಮೊದಲೇ ಶಾಂಪೂ ಹರಿದಿಟ್ಟುಕೊಳ್ಳಿ. ಖಾರದಪುಡಿಗೆ ಕತ್ತರಿ ಹಾಕಿ. ಮತ್ತೆ ಫ್ಯಾನು ಆರಿಸಿ, ಬೇಸಿಗೆಯಲ್ಲಿ ಈ ಮಾತು ಹೇಳುವುದು ಕ್ರೂರ ಅಂತ ಗೊತ್ತು.

ಹಾಲಿನ ಪೊಟ್ಟಣ ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತುಂಡು ಮಾಡಬೇಡಿ, ಸ್ವಲ್ಪ ಅಂಟಿಕೊಂಡೇ ಇರಲಿ. ಉಗುರಿನಷ್ಟು ಚೂರನ್ನು ಕಸ ಆರಿಸುವವರೂ ಆರಿಸಲಾರರು, ಅದು ಚರಂಡಿಗೇ ಹೋಗುತ್ತದೆ.

ಪ್ರಶ್ನೆ ಅಲ್ಲ, ಸಲಹೆ. ನಾನು ಜೀನ್ಸ್ ಹೊಲಿಯುವ ಕಡೆ ಕೆಲಸ ಮಾಡುತ್ತೇನೆ. ನಾವು ದಾರ ಕತ್ತರಿಸುವ ಚಿಕ್ಕ ಕಟ್ಟರ್ ಒಂದನ್ನು ಅಡುಗೆಮನೆಯಲ್ಲಿ ದಾರ ಕಟ್ಟಿ ತೂಗುಹಾಕಿದ್ದೇನೆ. ಎಲ್ಲ ಪೊಟ್ಟಣಕ್ಕೂ ಅದೇ.
– ಬಳ್ಳಾರಿ

ಒಳ್ಳೆಯ ಸಲಹೆ. ಅದಕ್ಕೆ ಬೆರಳು ತೂರಿಸುವ ಕಣ್ಣು ಇಲ್ಲ, ಸುಮ್ನೆ ಅಂಗೈಯಲ್ಲಿ ಹಿಚುಕಿದರೆ ಸಾಕು, ಬೆರಳು ನೋವಿನವರಿಗೂ ಸುಲಭ. ತೂಗುಹಾಕಿದ್ದು ಇನ್ನೂ ಜಾಣತನ, ಕತ್ತರಿ ಹುಡುಕುವ ಅರ್ಧ ಗಂಟೆ ಉಳಿಯಿತು. ಆದರೆ "ಎಲ್ಲ ಪೊಟ್ಟಣಕ್ಕೂ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇಯರ್‌ಫೋನ್, ಚಾರ್ಜರ್, ಹಲ್ಲುಜ್ಜುವ ಬ್ರಷ್‌ಗೆ ಬರುವ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ಕಿಗೆ ಅದು ಸಾಲದು. ಅಲ್ಲಿ ದೊಡ್ಡ ಕತ್ತರಿಯೇ ಬೇಕು, ಬೆಸೆದ ಅಂಚಿನ ಒಳಮಗ್ಗುಲಲ್ಲಿ ಮೂರು ಕಡೆ ಪೂರ್ತಿ ಕತ್ತರಿಸಬೇಕು. ಒಂದೇ ಕಡೆ ಕತ್ತರಿಸಿ ಕೈ ತೂರಿಸಿದರೆ ಆ ಪ್ಲಾಸ್ಟಿಕ್ ಅಂಚು ಬ್ಲೇಡಿನಂತೆಯೇ ಕೊಯ್ಯುತ್ತದೆ. ಡಬ್ಬ ಕೊರೆಯುವ ತಿರುಗುಣಿ (ಕ್ಯಾನ್ ಓಪನರ್) ಇದ್ದರೆ ಅದನ್ನು ಅಂಚಿನ ಮೇಲೆ ಓಡಿಸಿ, ಇನ್ನೂ ಸಲೀಸು. ಅಂಗಡಿಯಲ್ಲಿ ಕಳ್ಳತನ ತಡೆಯಲು ಶುರುವಾದ ಈ ಪ್ಯಾಕಿಂಗ್, ಮನೆ ಬಾಗಿಲಿಗೇ ಪಾರ್ಸೆಲ್ ಬರುವ ಕಾಲದಲ್ಲೂ ಯಾಕೆ ಹಾಗೇ ಬರಬೇಕೋ ನನಗಂತೂ ಅರ್ಥವಾಗಿಲ್ಲ.

ಜಾಮ್ ಬಾಟಲಿ ಮೊದಲ ಸಲ ತೆಗೆಯುವುದು ಹೇಗೆ? ಮನೆಯ ಗಂಡಸರೆಲ್ಲ ಸೋತರು.
– ರಾಯಚೂರು

ಬಿಸಿ ಇರುವಾಗ ತುಂಬಿ ಮುಚ್ಚುತ್ತಾರೆ, ಆರಿದ ಮೇಲೆ ಒಳಗೆ ಗಾಳಿಯ ಒತ್ತಡ ಕಡಿಮೆಯಾಗಿ ಹೊರಗಿನ ಗಾಳಿ ಮುಚ್ಚಳವನ್ನು ಅದುಮಿ ಹಿಡಿಯುತ್ತದೆ. ಚಮಚದ ತುದಿಯನ್ನು ಮುಚ್ಚಳದ ಅಂಚಿನ ಕೆಳಗೆ ಇಟ್ಟು ಮೆಲ್ಲಗೆ ಮೀಟಿ. ಟಪ್ ಅಂತ ಸದ್ದು ಬಂದರೆ ಗಾಳಿ ಒಳಗೆ ಹೋಯಿತು ಅಂತ ಅರ್ಥ, ಆಮೇಲೆ ಮಕ್ಕಳೂ ತೆಗೆಯುತ್ತಾರೆ. ಮುಚ್ಚಳವನ್ನು ಬಿಸಿನೀರಲ್ಲಿ ಸ್ವಲ್ಪ ಹೊತ್ತು ಅದ್ದಿದರೂ ಆಗುತ್ತದೆ, ತಗಡು ಗಾಜಿಗಿಂತ ಜಾಸ್ತಿ ಹಿಗ್ಗುತ್ತದೆ. ಫ್ರಿಜ್ಜಿನಿಂದ ತೆಗೆದ ಬಾಟಲಿಗೆ ಮಾತ್ರ ಕುದಿಯುವ ನೀರು ಬೇಡ, ಗಾಜು ಬಿರಿಯುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗಲೇ ಇಂಥ ಮುಚ್ಚಳದ ನಡುವೆ ಒತ್ತಿ ನೋಡಿ. ಟಕ್ ಟಕ್ ಅಂತ ಮೇಲೆ ಕೆಳಗೆ ಆಡಿದರೆ ಸೀಲು ಹೋಗಿದೆ, ವಾಪಸ್ ಇಟ್ಟುಬಿಡಿ.

ಎಲ್ಲ ಸೋಪು, ಎಲ್ಲ ಪುಡಿ ತಂದು ನೋಡಿದೆ. ನೊರೆ ಬರುವುದಿಲ್ಲ, ಬಟ್ಟೆ ಗೋಣಿಚೀಲದ ಹಾಗೆ ಆಗುತ್ತದೆ, ಗೀಸರು ಎರಡು ವರ್ಷಕ್ಕೇ ಕೆಟ್ಟಿತು. ಜಾಹೀರಾತಿನಲ್ಲಿ ಮಾತ್ರ ನೊರೆಯೋ ನೊರೆ. ಮೋಸ ಅಲ್ವಾ ಇದು?
– ಲಿಂಗಸುಗೂರು

ಜಾಹೀರಾತಿನವರು ನಿಮ್ಮ ಬೋರ್‌ವೆಲ್ ನೀರಿನಲ್ಲಿ ಶೂಟಿಂಗ್ ಮಾಡಿಲ್ಲ, ಅಷ್ಟೇ. ನಿಮ್ಮದು ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಿಳಿ ಜಿಡ್ಡಾಗುತ್ತದೆ. ಆ ಜಿಡ್ಡು ಬಟ್ಟೆಯಲ್ಲಿ ಉಳಿದು ಬಟ್ಟೆ ಒರಟಾಗುತ್ತದೆ. ಬಾರ್ ಸೋಪಿಗಿಂತ ಡಿಟರ್ಜೆಂಟ್ ಪುಡಿ ವಾಸಿ, ಅದು ಗಡಸು ನೀರಿಗೆ ಅಷ್ಟು ಬೇಗ ಸೋಲುವುದಿಲ್ಲ. ಆದರೂ ಪುಡಿ ಸ್ವಲ್ಪ ಜಾಸ್ತಿಯೇ ಬೇಕಾಗುತ್ತದೆ. ಮಳೆನೀರು ಹಿಡಿದಿಟ್ಟುಕೊಳ್ಳುವ ಜಾಗ ಇದ್ದರೆ ತಲೆಸ್ನಾನಕ್ಕೆ ಅದನ್ನೇ ಬಳಸಿ ನೋಡಿ, ಸೋಪಿನ ತಪ್ಪೋ ನೀರಿನ ತಪ್ಪೋ ಅಂತ ಅವತ್ತೇ ಗೊತ್ತಾಗುತ್ತದೆ.

ನೀರು ಕಾದಾಗ ಕ್ಯಾಲ್ಸಿಯಂ ಬಿಳಿ ಸುಣ್ಣದಂತೆ ಗಟ್ಟಿಯಾಗಿ ಗೀಸರಿನ ಕಾಯಿಲ್‌ಗೆ ಅಂಟಿಕೊಳ್ಳುತ್ತದೆ. ಕಾಯಿಲ್ ಸುಡುವುದು ಅದಕ್ಕೇ. ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಿ. ನಲ್ಲಿ, ಶವರ್, ಕೆಟಲ್‌ಗೆ ಅಂಟಿದ್ದನ್ನು ನಿಂಬೆರಸ, ವಿನೆಗರ್ ಅಥವಾ ಕಿರಾಣಿ ಅಂಗಡಿಯ ನಿಂಬೆ ಉಪ್ಪು ನೆನೆಹಾಕಿ ತೆಗೆಯಬಹುದು. ಬೇಗ ಹೋಗಲಿ ಅಂತ ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿ, ಅದರ ಮೇಲೆ ಬ್ಲೀಚಿಂಗ್ ಪುಡಿ ಎರಚಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ಕುಡಿಯುವ ನೀರಿನ ಮಾತು ಬೇರೆ. ರಾಯಚೂರು, ಕೊಪ್ಪಳ ಜಿಲ್ಲೆಗಳ ಕೆಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದೆ. ಅದು ಕುದಿಸಿದರೆ ಹೋಗುವುದಿಲ್ಲ, ಕಣ್ಣಿಗೆ ಕಾಣುವುದೂ ಇಲ್ಲ. ನೀರು ಪರೀಕ್ಷೆ ಮಾಡಿಸಿ.

ಲೇಬಲ್ ಮೇಲಿನ ಅಕ್ಷರ ಇರುವೆಗಿಂತ ಸಣ್ಣದು, ಅದೂ ಇಂಗ್ಲಿಷಿನಲ್ಲಿ. ಎಣ್ಣೆ ಪೊಟ್ಟಣದ ಬೆಲೆ ಅಷ್ಟೇ ಇದೆ, ಎಣ್ಣೆ ಮಾತ್ರ ಕಡಿಮೆಯಾದ ಹಾಗಿದೆ. ಯಾರನ್ನು ಕೇಳಬೇಕು?
– ಸಂಡೂರು

ಅಕ್ಷರಕ್ಕೆ ಮೊಬೈಲ್ ಕ್ಯಾಮೆರಾ ಇದೆ. ಫೋಟೊ ತೆಗೆದು ಹಿಗ್ಗಿಸಿ ಓದಿ. ಭಾಷೆಯ ವಿಷಯ ಹೀಗಿದೆ: ಪೊಟ್ಟಣದ ಮೇಲಿನ ಕಡ್ಡಾಯ ವಿವರ ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕು ಅನ್ನುತ್ತವೆ ಕೇಂದ್ರದ 2011ರ ಪೊಟ್ಟಣ ನಿಯಮಗಳು. ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಮಾತ್ರ, ಇಲ್ಲೇ ತಯಾರಾಗಿ ಇಲ್ಲೇ ಮಾರಾಟವಾಗುವ ವಸ್ತುಗಳ ಮೇಲೆ ಹೆಸರು ಮತ್ತು ಬಳಸುವ ವಿಧಾನ ಕನ್ನಡದಲ್ಲೂ ಇರಬೇಕು ಅನ್ನುತ್ತದೆ. ಅಂದರೆ ಹೊರರಾಜ್ಯದ ಪೊಟ್ಟಣಕ್ಕೆ ಅದು ಹಿಡಿಯುವುದಿಲ್ಲ. ನಮ್ಮ ಕಪಾಟಿನಲ್ಲಿ ಹೊರಗಿನದೇ ಜಾಸ್ತಿ, ಅಲ್ವಾ?

ಎಣ್ಣೆಯಲ್ಲಿ ಲೀಟರು ಮತ್ತು ಗ್ರಾಂ ಎರಡನ್ನೂ ನೋಡಿ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅದೇ ಗಾತ್ರದ ಪೊಟ್ಟಣದಲ್ಲಿ 850 ಅಂತಲೋ 800 ಅಂತಲೋ ಬರೆದಿದ್ದರೆ ಅದು ಲೀಟರ್ ಅಲ್ಲ. ಬರೆದೇ ಕೊಟ್ಟಿದ್ದರೆ ಕಾನೂನಿನ ಪ್ರಕಾರ ಮೋಸ ಅನ್ನಲಾಗದು, ನನ್ನ ಪ್ರಕಾರ ಮಾತ್ರ ಅದು ಕಣ್ಣುಕಟ್ಟೇ. ಬರೆದದ್ದಕ್ಕಿಂತ ಕಡಿಮೆ ತೂಗಿದರೆ ತೂಕ, ಅಳತೆ ನೋಡಿಕೊಳ್ಳುವ ಕಾನೂನು ಮಾಪನ ಶಾಸ್ತ್ರ ಇಲಾಖೆಗೆ ದೂರು ಕೊಡಿ. ಪೊಟ್ಟಣ ಮತ್ತು ಬಿಲ್ಲು ಎಸೆಯಬೇಡಿ.

ದೂರಿಗೆ ಯಾರನ್ನು ಸಂಪರ್ಕಿಸಬೇಕು ಅನ್ನುವ ಹೆಸರು, ವಿಳಾಸ, ಫೋನ್ ನಂಬರ್ ಪೊಟ್ಟಣದ ಮೇಲೆ ಇರಲೇಬೇಕು. ಮೊದಲು ಅಲ್ಲಿಗೆ ಹೇಳಿ. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಕಾಯ್ದೆ ಪ್ರಕಾರ ನೀವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ಮುಚ್ಚಳ ಬಿಚ್ಚಲಿಲ್ಲ ಅಂತ ಆಯೋಗಕ್ಕೆ ಹೋಗಿ ಅಂತ ನಾನು ಹೇಳುತ್ತಿಲ್ಲ. ಆದರೆ ಕಂಪನಿಯ ನಂಬರಿಗೆ ಫೋನು ಮಾಡಿ "ನಿಮ್ಮ ಬಾಟಲಿ ನಮ್ಮ ಅವ್ವನ ಕೈಯಲ್ಲಿ ತೆಗೆಯಲಾಗುತ್ತಿಲ್ಲ" ಅಂತ ಹೇಳುವುದಕ್ಕೆ ಏನು ಖರ್ಚು? ಯಾರೂ ಹೇಳುವುದಿಲ್ಲ, ಅದಕ್ಕೇ ಯಾರೂ ಬದಲಾಯಿಸುವುದಿಲ್ಲ.

ಗ್ಯಾಸ್ ಸಿಲಿಂಡರಿನ ಬಿಳಿ ಮುಚ್ಚಳ ಬರುವುದೇ ಇಲ್ಲ. ಚಾಕುವಿನಿಂದ ಕೆತ್ತಿ ತೆಗೆಯುತ್ತೇವೆ. ಸರಿಯೇ?
– ಮಾನ್ವಿ

ಸರಿ ಅಲ್ಲ. ಮುಚ್ಚಳಕ್ಕೆ ಕಟ್ಟಿರುವ ನೈಲಾನ್ ದಾರವೇ ಅದರ ಹಿಡಿ. ದಾರವನ್ನು ಕತ್ತರಿಸದೆ, ಮೇಲಕ್ಕೆ ಎಳೆಯುತ್ತಾ ಮುಚ್ಚಳ ಎತ್ತಿ. ದಾರ ಕಿತ್ತುಹೋಗಿದ್ದರೆ, ಬಿಗಿದುಕೊಂಡಿದ್ದರೆ, ಸಿಲಿಂಡರ್ ತಂದ ಹುಡುಗನ ಕೈಯಲ್ಲೇ ತೆಗೆಸಿ, ವಾಲ್ವಿನ ಒಳಗೆ ರಬ್ಬರ್ ಉಂಗುರ ಇದೆಯಾ, ಸೋರುತ್ತಿದೆಯಾ ಅಂತ ಅಲ್ಲೇ ನೋಡಿಸಿ. ತೂಕವನ್ನೂ ಕೇಳಿ: ಸಿಲಿಂಡರಿನ ಮೇಲೆ ಬರೆದ ಖಾಲಿ ತೂಕಕ್ಕೆ 14.2 ಕೆಜಿ ಸೇರಿಸಿದಷ್ಟು ಬರಬೇಕು. ತೆಗೆದ ಮುಚ್ಚಳ ಬಿಸಾಕಬೇಡಿ, ಸಿಲಿಂಡರಿಗೇ ಕಟ್ಟಿಕೊಂಡಿರಲಿ. ರೆಗ್ಯುಲೇಟರ್ ತೆಗೆದಾಗ ಸೋರಿದರೆ ತಕ್ಷಣ ಹಾಕಿ ಮುಚ್ಚಲು ಇರುವುದು ಅದೇ. ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಕಿಟಕಿ ಬಾಗಿಲು ತೆಗೆದು ಹೊರಗೆ ಬಂದು 1906ಕ್ಕೆ ಫೋನು ಮಾಡಿ.

ಗವಿಮಠದ ಜಾತ್ರೆಯಲ್ಲಿ ಸ್ಟೀಲ್ ತಟ್ಟೆ ತಂದೆ. ಊಟ ಮಾಡುವ ಜಾಗದಲ್ಲೇ ಸ್ಟಿಕ್ಕರ್. ಉಜ್ಜಿ ಉಜ್ಜಿ ಅರ್ಧ ಹೋಯಿತು, ಅರ್ಧ ಕಪ್ಪಗಾಗಿ ಕೂತಿದೆ.
– ಕೊಪ್ಪಳ

ಸ್ಟಿಕ್ಕರ್ ಮೇಲೆ ಬರುವಂತೆ ತಟ್ಟೆ ಹಿಡಿದು, ಸ್ಟಿಕ್ಕರಿನ ಹಿಂಭಾಗವನ್ನು ಸಣ್ಣ ಉರಿಯಲ್ಲಿ ಸ್ವಲ್ಪ ಬಿಸಿ ಮಾಡಿ. ಅಂಟು ಮೆತ್ತಗಾಗುತ್ತದೆ, ಒಂದು ಮೂಲೆಯಿಂದ ಎಳೆದರೆ ಇಡಿಯಾಗಿ ಬರುತ್ತದೆ. ಈಗ ಉಳಿದ ಕಪ್ಪಿಗೆ ಕೊಬ್ಬರಿ ಎಣ್ಣೆ ಹಚ್ಚಿ ಬಿಟ್ಟು, ಆಮೇಲೆ ಬಟ್ಟೆಯಿಂದ ಒರೆಸಿ. ಪ್ಲಾಸ್ಟಿಕ್ ಬಕೆಟ್ಟಿಗೆ ಬೆಂಕಿ ಬೇಡ, ಎಣ್ಣೆ ಮಾತ್ರ.

ಒಂದು ಸ್ಟೀಲ್ ಡಬ್ಬಿಯೊಳಗೆ ಇನ್ನೊಂದು ಸಿಕ್ಕಿಕೊಂಡಿದೆ. ಬಡಿದು ಬಡಿದು ನೆಗ್ಗಿದೆ.
– ಯಲಬುರ್ಗಾ

ಬಡಿಯುವುದನ್ನು ನಿಲ್ಲಿಸಿ ಮೊದಲು. ಒಳಗಿನ ಡಬ್ಬಿಗೆ ತಣ್ಣೀರು ತುಂಬಿ, ಐಸ್ ಇದ್ದರೆ ಇನ್ನೂ ಒಳ್ಳೆಯದು. ಹೊರಗಿನದನ್ನು ಬಿಸಿನೀರಿನ ಬೋಗುಣಿಯಲ್ಲಿ ಇಡಿ. ಒಳಗಿನದು ಕುಗ್ಗುತ್ತದೆ, ಹೊರಗಿನದು ಹಿಗ್ಗುತ್ತದೆ, ತಿರುವುತ್ತಾ ಎಳೆದರೆ ಬಿಡುತ್ತದೆ. ನೆಗ್ಗಿದ ಜಾಗವೇ ಹಿಡಿದುಕೊಂಡಿದ್ದರೆ ಸಂದಿಗೆ ಎರಡು ಹನಿ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ, ಬೆಳಗ್ಗೆ ಬಿಸಿನೀರು ತಣ್ಣೀರು ಇನ್ನೊಮ್ಮೆ ಮಾಡಿ. ಅದಕ್ಕೂ ಬಾರದಿದ್ದರೆ ಪಾತ್ರೆ ಅಂಗಡಿಯವರ ಹತ್ತಿರ ಒಯ್ಯಿರಿ, ನೆಗ್ಗು ಎತ್ತುವವರು ಅವರಿಗೆ ಗೊತ್ತಿರುತ್ತಾರೆ.